ಧೂಳಿನ ಮಡಕೆ

ಮನೆಗೆ ಹೊಸದಾಗಿ ಕಂಪ್ಯೂಟರ್ ತಂದುಕೊಂಡವರು ಪಾಂಡವಪುರದಲ್ಲಿ ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಶ್ರೀರಂಗಪಟ್ಟಣದ ಒಂದು ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರಿ, ಟೈಪ್‌ರೈಟರುಗಳು ಗುಜರಿಗೆ ಹೋಗಿ ಅವುಗಳ ಜಾಗದಲ್ಲಿ ಕಂಪ್ಯೂಟರುಗಳು ಬಂದು ಕೂತದ್ದನ್ನು ಅದೇ ಕುರ್ಚಿಯಿಂದ ನೋಡಿ, ಅಲ್ಲೇ ನಿವೃತ್ತಳಾದವಳು ನಾನು. ಹಾಗಾಗಿ ನನಗೆ ಎಲ್ಲ ಗೊತ್ತಿದೆ ಎಂದು ಬೀದಿಯವರ ನಂಬಿಕೆ. ಬಂದವರಿಗೆ ಮೊದಲು ಕಾಫಿ ಕೊಡುತ್ತೇನೆ, ಆಮೇಲೆ ಬೈಗುಳ. ನನ್ನ ಬಾಯಿ ಜೋರು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಹೇಳುವುದೆಲ್ಲ ಸಣ್ಣಪುಟ್ಟ ವಿಷಯಗಳೇ. ಹೆದರಬೇಡಿ, ಮುಟ್ಟಿದರೆ ಅದು ಸುಡುವುದಿಲ್ಲ. ಕೆಲಸ ಮುಗಿಯಿತೆಂದು ಗೋಡೆಯ ಸ್ವಿಚ್ಚನ್ನು ಟಪಕ್ಕನೆ ಆರಿಸಬೇಡಿ, ಮಲಗು ಎಂದು ಮೊದಲು ಕಂಪ್ಯೂಟರಿಗೆ ಹೇಳಿ, ಅದು ಮಲಗಿದ ಮೇಲೆ ಆರಿಸಿ. ನಾಲ್ಕು ಸಾಲು ಬರೆದಿರೋ, ಸೇವ್ ಮಾಡಿ. ಕರೆಂಟು ನಿಮ್ಮ ಮಾವನ ಮನೆಯದಲ್ಲ, ಯಾವಾಗ ಬೇಕಾದರೂ ಹೋಗುತ್ತದೆ. ಮೌಸನ್ನು ಅಮುಕಿ ಹಿಡಿಯಬೇಡಿ, ಅದೇನು ಓಡಿಹೋಗುವ ಕೋಳಿಯಲ್ಲ. ಪರದೆಯ ಮೇಲೆ ಅದು ಏನೋ ಕೇಳಿದರೆ ಓದದೆ ಸರಿ ಸರಿ ಎಂದು ಒತ್ತಬೇಡಿ. ಮುಖ್ಯವಾದದ್ದನ್ನು ಎರಡು ಕಡೆ ಇಟ್ಟುಕೊಳ್ಳಿ. ಇಷ್ಟನ್ನು ಎರಡು ಸಲ ಸಮಾಧಾನವಾಗಿ ಹೇಳುತ್ತೇನೆ, ಮೂರನೇ ಸಲಕ್ಕೆ ರೇಗುತ್ತೇನೆ.

ಒಂದು ವಿಷಯವನ್ನು ಮಾತ್ರ ರೇಗದೆ ಹೇಳುತ್ತೇನೆ. ಅದು ಪರದೆಯ ಮೂಲೆಯಲ್ಲಿ ಕೂತಿರುವ ಕಸದ ಬುಟ್ಟಿಯ ವಿಷಯ. ಅದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಯಾಕೆಂದರೆ ಅಲ್ಲೇ ನನ್ನ ಅಣ್ಣ ತನ್ನ ಹೆಂಡತಿಯ ದನಿಯನ್ನು ಕಳೆದುಕೊಂಡ.

ಅಣ್ಣ ಅಕ್ಕಸಾಲಿ. ನಮ್ಮದು ಆ ಕಸುಬಿನದೇ ಮನೆ. ಪೇಟೆ ಬೀದಿಯಲ್ಲಿ ಅವನದೊಂದು ಚಿಕ್ಕ ಅಂಗಡಿಯಿತ್ತು, ಅಪ್ಪ ಕೂತಿದ್ದ ಮಣೆಯ ಮೇಲೆಯೇ ಅವನೂ ಕೂತಿದ್ದ. ಮದುವೆಯ ಗೋಜಿಗೆ ಹೋಗದ ನಾನು ಅಣ್ಣ ಅತ್ತಿಗೆಯ ಜೊತೆಗೇ ಇದ್ದೆ. ಅವರಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂವರು, ಆದರೆ ಮಾತು ಮಾತ್ರ ಹತ್ತು ಜನರದು, ಅದರಲ್ಲಿ ಒಂಬತ್ತು ಪಾಲು ಅತ್ತಿಗೆಯದು. ಸಂತೆಬಾಚಹಳ್ಳಿ ಕಡೆಯವಳು. ಸಂತೆಯ ಊರಲ್ಲಿ ಹುಟ್ಟಿದ್ದಕ್ಕೆ ಈ ಗಂಟಲು ಬಂದದ್ದು ಎಂದು ಅಣ್ಣ ಅಣಕಿಸುತ್ತಿದ್ದ. ಅವಳು, 'ನಿಮ್ಮನೇಲಿ ಎಲ್ರೂ ಚಿನ್ನ ಮುಕ್ಕಳಿಸ್ದಂಗೆ ಬಾಯ್ ಮುಚ್ಕಂಡಿದ್ರೆ ನಾನೇನ್ ಮಾಡ್ಲಿ' ಎಂದು ತಿರುಗಿಸಿ ಕೊಡುತ್ತಿದ್ದಳು.

ಅವಳ ಕೈಗೆ ಮೊಬೈಲು ಬಂದ ಮೇಲೆ ಅಂಗಡಿಯಲ್ಲಿ ಕೂತ ಅಣ್ಣನಿಗೂ ಬಿಡುಗಡೆ ಇಲ್ಲವಾಯಿತು. ಅಕ್ಷರ ಒತ್ತುವುದು ಅವಳಿಗೆ ಆಗದು. ಅದರ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸುತ್ತಿದ್ದಳು. 'ಕೇಳುಸ್ತಾ? ಬರ್ತಾ ಕೊತ್ತಂಬ್ರಿ ಸೊಪ್ಪು ತಗಬನ್ನಿ. ಬಾಡಿರೋದ್ ತರಬ್ಯಾಡಿ, ಮೂಸಿ ನೋಡಿ.' ಸ್ವಲ್ಪ ಹೊತ್ತಿಗೆ ಇನ್ನೊಂದು. 'ಅನ್ನ ಉಂಡ್ರಾ? ಡಬ್ಬಿ ತೊಳ್ದು ತನ್ನಿ, ಅಂಗೇ ಮುಚ್ಕಂಡ್ ಬಂದ್ರೆ ನಾ ಮುಟ್ಟಾಕಿಲ್ಲ.' ಮತ್ತೊಂದರಲ್ಲಿ ನನ್ನ ಮೇಲೆ ಚಾಡಿ. 'ನಿಮ್ ತಂಗಿ ಬೆಳಗ್ಗಿಂದ ನಂತಾವ ಮಾತಾಡ್ತಿಲ್ಲ, ನೀವೇನಾದ್ರೂ ಅಂದ್ರಾ?' ಅಣ್ಣ ಗೊಣಗುತ್ತಿದ್ದ, ಉತ್ತರ ಕಳಿಸುತ್ತಿರಲಿಲ್ಲ. ಆದರೆ ಸಂಜೆ ಅವನ ಚೀಲದಲ್ಲಿ ಅವಳು ಹೇಳಿದ್ದೆಲ್ಲ ಇರುತ್ತಿತ್ತು. ಅವಳ ಮಾತಿಗೆ ಎದುರು ಮಾತಾಡುತ್ತಿದ್ದ, ಆದರೆ ಅದನ್ನು ಮೀರುತ್ತಿರಲಿಲ್ಲ. ಮದುವೆಯಾದಾಗಿನಿಂದ ನಾನು ನೋಡಿದ್ದು ಹಾಗೆಯೇ.

ಒಂದು ಶ್ರಾವಣದಲ್ಲಿ ಅತ್ತಿಗೆ ಹೋಗಿಬಿಟ್ಟಳು. ಹಾಸಿಗೆ ಹಿಡಿದವಳಲ್ಲ, ನರಳಿದವಳಲ್ಲ. ಎದೆ ಹಿಡಿಯುತ್ತದೆ ಎಂದು ಕೂತಳು, ಆಸ್ಪತ್ರೆ ಮುಟ್ಟುವ ಮುಂಚೆ ಎಲ್ಲ ಮುಗಿದಿತ್ತು. ಅಷ್ಟು ಮಾತಾಡುವವಳು ಒಂದು ಮಾತೂ ಹೇಳದೆ ಹೋದಳಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು. ಅವಳ ಮೇಲೋ, ದೇವರ ಮೇಲೋ, ನನಗೇ ತಿಳಿಯದು.

ತಿಥಿ ಮುಗಿದ ಮೇಲೆ ಅಣ್ಣ ಅಂಗಡಿಗೆ ಹೋಗುವುದನ್ನು ಬಿಟ್ಟ. ಇನ್ನು ಊದುಗೊಳವೆ ಹಿಡಿಯಲಾಗದು ಎಂದ. ದಿನವಿಡೀ ಜಗಲಿಯ ಮೇಲೆ ಕೂತು ತನ್ನ ಮೊಬೈಲನ್ನು ಕಿವಿಗೆ ಒತ್ತಿಕೊಂಡಿರುತ್ತಿದ್ದ. ಬೀದಿಯಲ್ಲಿ ಹೋಗುವವರು ಯಾರ ಜೊತೆಗೋ ಮಾತಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಅವನು ಕೇಳುತ್ತಿದ್ದದ್ದು ಕೊತ್ತಂಬರಿ ಸೊಪ್ಪಿನ ಮಾತು. ಡಬ್ಬಿ ತೊಳೆಯುವ ಮಾತು. ನಾನು ಒಳಗೆ ಒಲೆಯ ಮುಂದೆ ನಿಂತು ಅಳುತ್ತಿದ್ದೆ.

ಆ ಮೊಬೈಲು ಹಳೆಯದು. ಪರದೆಯ ಮೇಲೆ ಹಸಿರು ಗೆರೆಗಳು ಬಿದ್ದವು, ಆಮೇಲೆ ಮುಟ್ಟಿದರೆ ಏಳದಾಯಿತು. ಅದು ಪೂರ್ತಿ ಸಾಯುವ ಮುಂಚೆ ನಾನು ಅತ್ತಿಗೆಯ ದನಿಗಳನ್ನೆಲ್ಲ ವೈರು ಹಾಕಿ ಮನೆಯಲ್ಲಿದ್ದ ನನ್ನ ಕಂಪ್ಯೂಟರಿಗೆ ಸಾಗಿಸಿದೆ. ಒಂದು ಫೋಲ್ಡರು ಮಾಡಿ ಅದಕ್ಕೆ ಅವಳ ಹೆಸರಿಟ್ಟೆ. ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕುತ್ತೇನೆ ಎಂದಾಗ ಅಣ್ಣ ನನ್ನ ಕೈ ಹಿಡಿದುಕೊಂಡ.

'ಬ್ಯಾಡ ಕಣಮ್ಮಿ. ಸತ್ತೋರ್ನ ಎಲ್ಡು ಕಡೆ ಕೂರಿಸ್ಬಾರ್ದು. ಎಡೆ ಇಕ್ಕೋದು ಒಂದೇ ತಾವಲ್ವಾ? ಅವ್ಳೂ ಒಂದೇ ತಾವ ಇರ್ಲಿ.'

'ಅಣ್ಣಾ, ಇದು ಎಡೆಯಲ್ಲ, ಫೈಲು' ಎಂದು ಕೂಗಾಡಿದೆ. ಕಂಪ್ಯೂಟರು ಕೆಟ್ಟರೆ ಏನು ಗತಿ ಎಂದೆ. ಅವನು ಒಪ್ಪಲಿಲ್ಲ. ಪಿತೃಪಕ್ಷ ಹತ್ತಿರದಲ್ಲಿತ್ತು, ಹೆಂಡತಿ ಕಳೆದುಕೊಂಡವನ ಜೊತೆ ಎಷ್ಟೆಂದು ಜಗಳವಾಡುವುದು, ಬಿಟ್ಟೆ. ಅವನೇ ಆ ಮೊಬೈಲನ್ನೂ ಅತ್ತಿಗೆಯದನ್ನೂ ಮೊಬೈಲ್ ಅಂಗಡಿಗೆ ಕೊಟ್ಟು ಬೇರೆ ತಂದುಕೊಂಡ. ಅಲ್ಲಿಗೆ ನಮ್ಮ ಪಾಲಿಗೆ ಅತ್ತಿಗೆಯ ದನಿ ಉಳಿದದ್ದು ನಮ್ಮ ನಡುಮನೆಯ ಆ ಒಂದು ಪೆಟ್ಟಿಗೆಯೊಳಗೆ ಮಾತ್ರ.

ಅಣ್ಣನಿಗೆ ಕಂಪ್ಯೂಟರು ಕಲಿಸಿದ್ದು ಹೀಗೆ. ದನಿ ಕೇಳಬೇಕೆಂದಾಗಲೆಲ್ಲ ತಂಗಿಯನ್ನು ಕರೆಯುವುದು ಅವನಿಗೆ ಸಂಕೋಚ. ಅಕ್ಕಸಾಲಿಯ ಬೆರಳು, ಮೌಸನ್ನು ಚಿಮುಟದಲ್ಲಿ ಹರಳು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದ. ಎಷ್ಟು ಹಗುರವಾಗಿ ಒತ್ತುತ್ತಿದ್ದನೆಂದರೆ ಆ ಯಂತ್ರಕ್ಕೆ ತನ್ನನ್ನು ಒತ್ತಿದ್ದು ತಿಳಿಯುತ್ತಲೇ ಇರಲಿಲ್ಲ. 'ಒತ್ತಣ್ಣಾ, ಒತ್ತು, ಅದಕ್ಕೆ ನೋವಾಗಲ್ಲ' ಎಂದು ನಾನು ಕೂಗುತ್ತಿದ್ದೆ. ಕೂರುವ ಮುಂಚೆ ಮಣೆಗೆ ಮಾಡಿದ ಹಾಗೆ ಮೇಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅಮಾವಾಸ್ಯೆಯ ದಿನ ಮುಟ್ಟುತ್ತಿರಲಿಲ್ಲ, ನಮ್ಮ ಕಸುಬಿನವರು ಆ ದಿನ ಯಾವ ಹತಾರವನ್ನೂ ಎತ್ತುವುದಿಲ್ಲ. ಆಯುಧಪೂಜೆಯಲ್ಲಿ ತಕ್ಕಡಿ, ಸುತ್ತಿಗೆಗಳ ಸಾಲಿನಲ್ಲಿ ಕೀಬೋರ್ಡನ್ನೂ ಇಟ್ಟು, ವಿಭೂತಿ ಬಳಿದು, ಅರಿಶಿನದ ನೀರು ಪ್ರೋಕ್ಷಣೆ ಮಾಡಿಬಿಟ್ಟ. ಅದನ್ನು ತಿರುವಿ ಹಾಕಿ ಒರೆಸುತ್ತಾ ನಾನು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿತಂತೆ. ಅಂದು ಅವನು ನಕ್ಕ. ಅತ್ತಿಗೆ ಹೋದ ಮೇಲೆ ಮೊದಲ ಸಲ ನಕ್ಕಿದ್ದ, ಅದಕ್ಕೇ ನಾನು ಇನ್ನೂ ನಾಲ್ಕು ಬೈದೆ.

ಒಂದು ದಿನ ಅಡುಗೆಮನೆಗೆ ಅವನ ಕೂಗು ಕೇಳಿತು. ಓಡಿಹೋದೆ. ಮುಖ ಬಿಳಿಚಿಕೊಂಡಿತ್ತು.

'ಒಂದು ಬಿದ್ದೋಯ್ತು ಕಣಮ್ಮಿ. ಇಲ್ಲೇ ಇತ್ತು, ಏನೋ ಒತ್ತುದ್ನಲ್ಲ, ಬಿದ್ದೋಯ್ತು.'

ಯಾವುದೋ ಗುಂಡಿ ಒತ್ತಿ ಒಂದು ದನಿಯನ್ನು ಅಳಿಸಿಹಾಕಿದ್ದ. ನಾನು ಮೂಲೆಯ ಕಸದ ಬುಟ್ಟಿ ತೆರೆದು ತೋರಿಸಿದೆ. ಅಳಿಸಿದ್ದು ಅಲ್ಲಿ ಬಿದ್ದಿತ್ತು. ಅದನ್ನು ಮತ್ತೆ ಮೊದಲಿನ ಜಾಗಕ್ಕೆ ಕಳಿಸುವುದು ಹೇಗೆ ಎಂದು ಅವನ ಕೈಯಲ್ಲೇ ಮಾಡಿಸಿದೆ. 'ನೋಡು, ಕೈ ತಪ್ಪಿ ಹೋಗಿದ್ದೆಲ್ಲ ಇಲ್ಲಿಗೆ ಬಂದು ಬೀಳುತ್ತದೆ. ನಾವಾಗಿ ಖಾಲಿ ಮಾಡುವವರೆಗೂ ಎಲ್ಲೂ ಹೋಗುವುದಿಲ್ಲ' ಎಂದೆ. ಇದು ಸುಳ್ಳಲ್ಲ. ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದ್ದೆ.

ಅಣ್ಣ ಆ ಬುಟ್ಟಿಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಅವನ ಮುಖ ಅರಳಿತು.

'ಅಂಗಾದ್ರೆ ಇದು ನಮ್ ದೂಳಿನ ಮಡಕೆ ಕಣಮ್ಮಿ!'

'ಹೂಂ, ಹಾಗೇ ಅಂದುಕೋ' ಎಂದು ಒಗ್ಗರಣೆ ಸೀಯುತ್ತಿದೆಯೆಂದು ಒಳಗೆ ಓಡಿದೆ.

ಧೂಳಿನ ಮಡಕೆ ಎಂದರೆ ಅಕ್ಕಸಾಲಿ ಮನೆಯವರಲ್ಲದವರಿಗೆ ತಿಳಿಯದು, ಅದನ್ನು ಹೇಳಬೇಕು. ಚಿನ್ನವನ್ನು ಅರದಿಂದ ಉಜ್ಜುವಾಗ ಪುಡಿ ಹಾರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಮಣೆಯ ಸಂದಿಗೆ, ನೆಲಕ್ಕೆ, ಪಂಚೆಯ ಮಡಿಕೆಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಕೆಲಸದ ಜಾಗವನ್ನು ಬೇರೆಯದೇ ಮೆತ್ತನೆಯ ಪೊರಕೆಯಿಂದ ಗುಡಿಸಿ, ಆ ಕಸವನ್ನು ಹೊರಗೆ ಹಾಕದೆ ಒಂದು ಮಡಕೆಗೆ ತುಂಬಿಡುತ್ತಾರೆ. ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಅದರ ಬಗ್ಗಡವೂ ಮಡಕೆಗೇ. ನಾನು ಚಿಕ್ಕವಳಾಗಿದ್ದಾಗ ಅವ್ವನನ್ನು ಮೆಚ್ಚಿಸಲೆಂದು ಅಪ್ಪನ ಮಣೆಯ ಕೆಳಗೆ ಗುಡಿಸಿ ಕಸವನ್ನು ತಿಪ್ಪೆಗೆ ಹಾಕಿಬಂದೆ. ಅವ್ವ ಬೆನ್ನಿಗೆ ಕೊಟ್ಟ ಏಟು ನನಗೆ ನೆನಪಿದೆ. ಆಮೇಲೆ ಅಪ್ಪ ಆ ತಿಪ್ಪೆಯ ಮೇಲ್ಪದರವನ್ನೇ ಕೆರೆದು ತಂದು ಮಡಕೆಗೆ ತುಂಬಿದ. ದೀಪಾವಳಿ ಕಳೆದ ಮೇಲೆ ನಾಗಮಂಗಲದ ಕಡೆಯಿಂದ ಒಬ್ಬ ಜಲಗಾರ ಬರುತ್ತಿದ್ದ, ಧೂಳು ತೊಳೆದು ಚಿನ್ನ ತೆಗೆಯುವವನು. ಹಿತ್ತಲಲ್ಲಿ ಕೂತು ಇಡೀ ದಿನ ಮರದ ಮರಿಗೆಯಲ್ಲಿ ಕಸವನ್ನು ಜಾಲಿಸಿ ಜಾಲಿಸಿ, ಮಣ್ಣನ್ನೆಲ್ಲ ನೀರಿಗೆ ಬಿಟ್ಟು, ಉಳಿದ ಚೂರನ್ನು ಕರಗಿಸಿ, ಅಪ್ಪನ ಅಂಗೈ ಮೇಲೆ ಒಂದು ಪುಟ್ಟ ಚಿನ್ನದ ಗುಂಡು ಇಡುತ್ತಿದ್ದ. ಅಲ್ಲಿಯವರೆಗೆ ಮನೆಯ ಯಜಮಾನನ ಹೊರತು ಆ ಮಡಕೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಕಳ್ಳ ಬಂದರೂ ಕಸವೆಂದು ಬಿಟ್ಟುಹೋಗುತ್ತಾನೆ, ಪೆಟ್ಟಿಗೆಗಿಂತ ಮಡಕೆ ಭದ್ರ ಎಂದು ಅಪ್ಪ ಹೇಳುತ್ತಿದ್ದ.

ಅಂಥ ಮನೆಯಲ್ಲಿ ಹುಟ್ಟಿದ ಅಣ್ಣ ಒಂದು ಲೆಕ್ಕ ಹಾಕಿದ. ಮೇಜಿನ ಮೇಲಿದ್ದದ್ದು ಕೈ ತಪ್ಪಿದರೆ ಮಡಕೆಗೆ ಬೀಳುತ್ತದೆ. ಮಡಕೆಯಲ್ಲಿರುವುದು ಇನ್ನೆಲ್ಲಿಗೆ ಬೀಳುತ್ತದೆ? ಎಲ್ಲಿಗೂ ಇಲ್ಲ. ಹಾಗಾದರೆ ಅವಳು ಇರಬೇಕಾದದ್ದು ಮಡಕೆಯಲ್ಲೇ. ಒಂದೊಂದನ್ನೇ ತೆಗೆದು, ಅತ್ತಿಗೆಯ ದನಿಗಳನ್ನೆಲ್ಲ ಅವನು ಕಸದ ಬುಟ್ಟಿಗೆ ಹಾಕಿಟ್ಟ. ನನಗೆ ಹೇಳಲಿಲ್ಲ. ಮಡಕೆಯಲ್ಲಿ ಏನಿದೆ ಎಂದು ಯಜಮಾನ ಯಾರಿಗೂ ಹೇಳುವ ಪದ್ಧತಿಯೂ ಇರಲಿಲ್ಲ.

ಬೆಳಗಿನ ಕಾಫಿ ಆದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. 'ನೀ ಒಳಕ್ಕೋಗಮ್ಮಿ' ಎನ್ನುತ್ತಿದ್ದ. ಗಂಡ ಹೆಂಡಿರ ಮಾತಿನ ನಡುವೆ ನಾನೇಕೆ ನಿಲ್ಲಲಿ, ಒಳಗೆ ಹೋಗುತ್ತಿದ್ದೆ. ಅವನು ಬುಟ್ಟಿಯಿಂದ ಒಂದನ್ನು ಹೊರಗೆ ತೆಗೆದು, ಕೇಳಿ, ಮತ್ತೆ ಬುಟ್ಟಿಗೆ ಹಾಕುತ್ತಿದ್ದನೆಂದು ನನಗೆ ಆಮೇಲೆ ತಿಳಿಯಿತು. ನನಗೆ ಕೇಳುತ್ತಿದ್ದದ್ದು ನಡುಮನೆಯಿಂದ ಬರುವ ಅತ್ತಿಗೆಯ ದನಿ ಮಾತ್ರ. ಅನ್ನ ಉಂಡ್ರಾ, ಎನ್ನುತ್ತಿದ್ದಳು. ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ದನಿ ನಿಂತ ಮೇಲೆ ಅಣ್ಣ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬರುವಾಗ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು.

'ಮನೆ ತುಂಬ ಬಿದ್ದಿದೆಯಲ್ಲ, ಮತ್ತೆ ಯಾಕೆ ತಂದೆ?' ಎಂದು ರೇಗಿದೆ.

'ಅವ್ಳು ತರಾಕೇಳುದ್ಲು' ಎಂದ, ಬಾಡಿಲ್ಲವಲ್ಲ ಎಂದು ಮೂಸಿ ನೋಡಿ ನನ್ನ ಕೈಗೆ ಕೊಟ್ಟ.

ಅಯ್ಯೋ ಶಿವನೇ, ಆ ಸೊಪ್ಪನ್ನು ನಾನು ಹೇಗೆ ಹೆಚ್ಚಿದೆನೋ.

ಮುಂದಿನ ಬೇಸಿಗೆಗೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಒಳಗಿನ ಫ್ಯಾನು ಗಿರಣಿಯಂತೆ ಸದ್ದು ಮಾಡುತ್ತಿತ್ತು, ಒಂದು ದನಿ ತೆರೆದುಕೊಳ್ಳಲು ಅಣ್ಣ ಕೈಕಟ್ಟಿ ಕಾಯಬೇಕಾಗಿತ್ತು. ಊರಿನಲ್ಲಿ ರಿಪೇರಿ ಮಾಡುವವನೊಬ್ಬನಿದ್ದಾನೆ. ಮೊದಲು ಟೀವಿ, ರೇಡಿಯೊ ಬಿಚ್ಚುತ್ತಿದ್ದವನು, ತಲೆ ನರೆತ ಮೇಲೆ ಕಂಪ್ಯೂಟರು ಕಲಿತವನು, ಒಳ್ಳೆಯ ಮನುಷ್ಯ. ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತುಕೊಂಡು ಹೋದ. 'ಒಳಗಿನ ಫೈಲು ಯಾವುದೂ ಹೋಗಬಾರದು' ಎಂದು ನಾನು ಎಚ್ಚರ ಹೇಳಿದೆ. ಅತ್ತಿಗೆಯ ಹೆಸರಿನ ಫೋಲ್ಡರಿನ ಗುರುತನ್ನೂ ಹೇಳಿದೆ. ಅವನು ಅದನ್ನು ಮುಟ್ಟಲಿಲ್ಲ, ಪಾಪ. ಅದರೊಳಗೆ ಏನೂ ಇರಲಿಲ್ಲ ಅಷ್ಟೇ.

ಪೆಟ್ಟಿಗೆಯನ್ನು ಅವನೇ ತಂದು ಜೋಡಿಸಿದ. ಗುಂಡಿ ಒತ್ತಿದೊಡನೆ ಪರದೆ ಬೆಳಗಿತು.

'ನೋಡಿ ಮೇಡಂ, ಎಂಗ್ ಓಡ್ತದೆ! ಫ್ಯಾನು ತೆಗ್ದು ದೂಳೆಲ್ಲ ಊದಿ ಹಾಕ್ದೆ. ಕಸದ ಬುಟ್ಟೀಲಿ ರಾಶಿ ಬಿದ್ದಿತ್ತು, ಅದ್ನೂ ಖಾಲಿ ಮಾಡ್ಬುಟ್ಟೆ. ವಸಿ ಹೊಸಾ ಸಾಫ್ಟ್‌ವೇರೂ ಹಾಕಿವ್ನಿ.'

ಬೆಂಚಿನ ಮೇಲೆ ಕೂತಿದ್ದ ಅಣ್ಣ ಎದ್ದು ನಿಂತ.

'ಎಲ್ಲಿಗ್ ಸುರಿದೆ?'

'ಏನು ಸಾರ್?'

'ಬುಟ್ಟೀಲಿದ್ದುದ್ದ. ಎಲ್ಲಿಗ್ ಸುರಿದೆ ಅಂತ.'

ಅವನು ನಗುತ್ತಾ ನನ್ನ ಕಡೆ ನೋಡಿದ. 'ಸುರಿಯೋದು ಅಂತ ಏನಿಲ್ಲ ಸಾರ್. ಅಳಿಸೋಯ್ತದೆ.'

'ಅಳಿಸೋಯ್ತದೆ ಅಂದ್ರೆ? ತೆಗ್ದಿದ್ ಮೇಲೆ ಎಲ್ಲಾದ್ರೂ ಆಕಿರ್ಬೇಕಲ್ಲ. ಆ ಜಾಗ ತೋರ್ಸು ಬಾ. ನಾನೇ ತೊಳ್ಕತೀನಿ.'

ನನಗೆ ಇನ್ನೂ ಅರ್ಥವಾಗಿರಲಿಲ್ಲ. ಇದೇನು ಹುಚ್ಚು ಎಂದು ಫೋಲ್ಡರು ತೆರೆದೆ. ಖಾಲಿ. ಬುಟ್ಟಿ ತೆರೆದೆ. ಖಾಲಿ. ಆಗ ಒಗ್ಗರಣೆಯ ದಿನ ಅಣ್ಣ ಹೇಳಿದ ಮಡಕೆಯ ಮಾತು ನೆನಪಾಯಿತು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಆ ರಿಪೇರಿಯವನ ಮೇಲೆ ಸುರಿದೆ. ಕಣ್ಣಿಲ್ಲವೇನಯ್ಯ ನಿನಗೆ, ಕೇಳಬಾರದಿತ್ತೇ, ಯಾರ ಮನೆಯಲ್ಲಿ ಏನಿರುತ್ತದೆ ಎಂದು ನಿನಗೇನು ಗೊತ್ತು ಎಂದೆ. ಏನಾಗಿದೆ ಎಂದು ತಿಳಿದ ಮೇಲೆ ಅವನ ಮುಖವೂ ಒಣಗಿತು. ಕಸದ ಬುಟ್ಟಿಯನ್ನು ಖಾಲಿ ಮಾಡುವುದು ಯಾವ ಊರಿನಲ್ಲಿ ತಪ್ಪು? ಅದು ನನಗೂ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಇನ್ನೂ ಜೋರಾಗಿ ಕೂಗುತ್ತಿದ್ದೆ.

'ಇದನ್ನ ಇನ್ ಆನ್ ಮಾಡ್ಬ್ಯಾಡಿ' ಎಂದ ಅವನು ಕೊನೆಗೆ. 'ಅಳಿಸಿದ್ ಜಾಗದ ಮ್ಯಾಲೆ ಹೊಸದು ಕೂರ್ತಾ ಓಯ್ತದೆ. ವಾಪಸ್ ತೆಗಿಯೋಕೆ ಒಂದ್ ಸಾಫ್ಟ್‌ವೇರ್ ಅದೆ. ನೋಡ್ತೀನಿ. ಎಲ್ಲಾ ಸಿಕ್ತದೆ ಅಂತ ನಾನು ಮಾತ್ ಕೊಡಾಕಾಗಲ್ಲ.' ಜೋಡಿಸಿದ್ದನ್ನೆಲ್ಲ ಬಿಚ್ಚಿ ಪೆಟ್ಟಿಗೆಯನ್ನು ಮತ್ತೆ ಹೊತ್ತುಕೊಂಡು ಹೋದ. ಅಣ್ಣ ಬೀದಿಯ ತಿರುವಿನವರೆಗೂ ಅದರ ಹಿಂದೆಯೇ ಹೋಗಿ ನಿಂತಿದ್ದ. ಅತ್ತಿಗೆಯನ್ನು ಕೊನೆಗೆ ಹೊತ್ತುಕೊಂಡು ಹೋದದ್ದೂ ಅದೇ ತಿರುವಿನಲ್ಲಿ.

ಆ ಸಂಜೆ ನನಗೆ ತಡೆಯಲಾಗಲಿಲ್ಲ. 'ಅಲ್ಲಣ್ಣಾ, ಬೇಕಾದ್ದನ್ನ ಯಾರಾದರೂ ಕಸದ ಬುಟ್ಟಿಯಲ್ಲಿ ಇಡುತ್ತಾರಾ?' ಎಂದುಬಿಟ್ಟೆ.

ಅವನು ತಲೆ ಎತ್ತಿ ನೋಡಿದ. ಸಿಟ್ಟಿರಲಿಲ್ಲ.

'ನಾವ್ ಇಡ್ತೀವಲ್ಲಮ್ಮಿ' ಎಂದ.

ನಾನು ಎದ್ದು ಹಿತ್ತಲಿಗೆ ಹೋದೆ. ಅಪ್ಪನ ಕಾಲದ ಮಡಕೆ ಬಚ್ಚಲ ಪಕ್ಕದಲ್ಲಿ ಈಗಲೂ ಇದೆ, ಬೂದಿ ತುಂಬಿಡುತ್ತೇವೆ.

ಅತ್ತಿಗೆಯ ತಂಗಿ ಸಂತೆಬಾಚಹಳ್ಳಿಯಲ್ಲಿದ್ದಾಳೆ. ಅವಳಿಗೂ ಅತ್ತಿಗೆ ಹೀಗೇ ಮಾತಾಡಿ ಕಳಿಸುತ್ತಿದ್ದಳೆಂದು ಅಣ್ಣನಿಗೆ ನೆನಪಾಯಿತು. ಬೆಳಿಗ್ಗೆಯೇ ಹೊರಟೆವು. ಬಸ್ಸಿನಲ್ಲಿ ಅವನು ಒಗೆದ ಪಂಚೆ ಉಟ್ಟು, ಹೆಣ್ಣು ಕೇಳಲು ಹೊರಟವನಂತೆ ಬಿಗಿಯಾಗಿ ಕೂತಿದ್ದ. ಆ ತಂಗಿ ಬಾವನನ್ನು ನೋಡಿ ಸಂತೋಷದಿಂದ ಕೂರಿಸಿ, ನೀರು ಕೊಟ್ಟು, ಬಂದ ವಿಷಯ ಕೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋನು ತುಂಬಿಹೋಯಿತೆಂದು ಯುಗಾದಿಗೆ ಎಲ್ಲವನ್ನೂ ಅಳಿಸಿದ್ದಳು.

'ಅಕ್ಕನ್ ದನಿ ನಿಮ್ ತಾವ ಇರ್ತದೆ ಅಂತ್ಲೇ ನಾನು ಧೈರ್ಯವಾಗಿ ಅಳಿಸ್ದೆ ಬಾವ' ಎಂದು ಅತ್ತಳು. ಅಣ್ಣನೇ ಅವಳಿಗೆ ಸಮಾಧಾನ ಹೇಳಬೇಕಾಯಿತು.

ಬರುವಾಗ ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ನಮ್ಮ ಹಿಂದೆ ಯಾರೋ ಹೆಂಗಸು, 'ಕೇಳುಸ್ತಾ? ಬರ್ತಾ ಇಲ್ಲೇ ಬನ್ನಿ' ಎಂದು ಫೋನಿನಲ್ಲಿ ಜೋರಾಗಿ ಹೇಳಿದಳು. ಅಣ್ಣ ಗಕ್ಕನೆ ತಿರುಗಿದ. ಆ ಕಡೆಯ ಹೆಂಗಸರೆಲ್ಲ ಮಾತಾಡುವುದು ಹಾಗೇ, ಅದೇ ರಾಗ, ಅದೇ ಗಂಟಲು. ಅವಳು ಮಾತು ಮುಗಿಸಿ ಹೋಗುವವರೆಗೂ ಅವನು ತಿರುಗಿಯೇ ನಿಂತಿದ್ದ. ನಮ್ಮ ಬಸ್ಸು ಬಂದು ಹೋಯಿತು, ಹೋಗಲಿ ಎಂದು ಬಿಟ್ಟೆ.

ಕೆಲವು ದಿನಗಳಾದ ಮೇಲೆ ರಿಪೇರಿಯವನು ಫೋನು ಮಾಡಿದ. ಮಧ್ಯಾಹ್ನದ ಬಿಸಿಲು. ಅಣ್ಣ ಕೊಡೆಯನ್ನೂ ಹಿಡಿಯದೆ ನನಗಿಂತ ಮುಂದೆ ನಡೆದ. ಅಂಗಡಿಯ ಹೊರಗೆ ಚಪ್ಪಲಿ ಬಿಟ್ಟ. ಒಳಗೆ ಬಿಚ್ಚಿದ ಯಂತ್ರಗಳ ನಡುವೆ ಒಂದೇ ಸ್ಟೂಲು ಇತ್ತು, ಕೂರಲಿಲ್ಲ.

'ಬಾಳಾ ಸಿಕ್ಕವೆ ಸಾರ್. ಆದ್ರೆ ಆಡಾಕಿಲ್ಲ' ಎಂದು ಅವನು ಪರದೆ ತೋರಿಸಿದ. ಹೆಸರು ಹೋಗಿ ಬರೀ ಅಂಕಿಗಳಾಗಿದ್ದ ಫೈಲುಗಳು. ಒಂದನ್ನು ಒತ್ತಿದ, ಸದ್ದಿಲ್ಲ. ಇನ್ನೊಂದನ್ನು ಒತ್ತಿದ, ಬಾಣಲೆಗೆ ನೀರು ಬಿದ್ದಂತೆ ಚರ್ ಎಂದು ನಿಂತಿತು. ಅವನು ಒಂದೊಂದನ್ನೂ ಒತ್ತುತ್ತಾ ಹೋದ, ಅಣ್ಣ ಒಂದೊಂದಕ್ಕೂ ಬಗ್ಗಿ ಕಿವಿ ಕೊಟ್ಟ. ಕೊತ್ತಂಬರಿ ಸೊಪ್ಪು ಹೋಗಿತ್ತು. ಡಬ್ಬಿ ಹೋಗಿತ್ತು. ಅನ್ನ ಉಂಡ್ರಾ ಎಂದು ಕೇಳಿದ್ದೂ ಹೋಗಿತ್ತು. ನನ್ನ ಮೇಲೆ ಹೇಳಿದ ಚಾಡಿಯೂ ಇರಲಿಲ್ಲ.

'ಇದೊಂದ್ ಮಾತ್ರ ಪೂರಾ ಅದೆ' ಎಂದು ರಿಪೇರಿಯವನು ಕೊನೆಯದನ್ನು ಒತ್ತಿದ.

ಮೊದಲು ನಲ್ಲಿಯ ನೀರಿನ ಸದ್ದು. ಪಾತ್ರೆಯೊಂದನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ಬಳೆಗಳು. ಹಿಂದೆಲ್ಲೋ ನನ್ನದೇ ದನಿ, ಯಾರನ್ನೋ ಬೈಯುತ್ತಿದ್ದೆ. ಅಣ್ಣ ಕಣ್ಣು ಮುಚ್ಚಿದ. ಆಮೇಲೆ ಅತ್ತಿಗೆ ತೀರ ಹತ್ತಿರ ಬಂದಳು.

'ಅಯ್ಯೋ, ಇದೇನ್ ಒತ್ಬುಟ್ನಾ? ಏನಿಲ್ಲ ಕಣ್ರೀ, ಕೈ ತಗುಲಿ ಒತ್ತೋಗದೆ. ನೀವ್ ಕೆಲ್ಸ ನೋಡ್ಕಳಿ. ಇದ ಅಳಿಸ್ಬುಡಿ.'

ಅಷ್ಟೇ. ರಿಪೇರಿಯವನು ತಲೆ ತಗ್ಗಿಸಿಕೊಂಡಿದ್ದ. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅಷ್ಟೊಂದು ಮಾತಾಡಿದವಳದು ಉಳಿದದ್ದು ಇದೊಂದೇ, ಅದೂ ಏನಿಲ್ಲ ಎನ್ನುವ ಮಾತು.

'ಇನ್ನೊಂದ್ಕಿತ ಆಕಪ್ಪ' ಎಂದ ಅಣ್ಣ.

ಅವನು ಹಾಕಿದ. ನೀರು, ಪಾತ್ರೆ, ಬಳೆ, ಅತ್ತಿಗೆ. ಅಳಿಸ್ಬುಡಿ ಎಂದು ಅವಳು ಮತ್ತೆ ಹೇಳಿದಳು. ಅಣ್ಣ ಅಂಗೈ ಚಾಚಿದ, ಜಲಗಾರನ ಮುಂದೆ ಅಪ್ಪ ಚಾಚುತ್ತಿದ್ದ ಹಾಗೆ. ರಿಪೇರಿಯವನಿಗೆ ಏನು ಕೊಡಬೇಕೆಂದು ತಿಳಿಯಲಿಲ್ಲ. ನನ್ನ ಚೀಲದಲ್ಲಿದ್ದ ಪೆನ್‌ಡ್ರೈವನ್ನು ನಾನು ಅವನಿಗೆ ಕೊಟ್ಟೆ, ಅವನು ಅದಕ್ಕೆ ಆ ದನಿಯನ್ನು ತುಂಬಿ ಅಣ್ಣನ ಅಂಗೈಯಲ್ಲಿಟ್ಟ. ಎರಡನೇ ಕಡೆ ಇರಬಾರದು ಎಂದು ಈ ಸಲ ಅಣ್ಣ ಹೇಳಲಿಲ್ಲ. 'ನನ್ ತಂಗೀಗೂ ಒಂದ್ ಆಕ್ಕೊಡು, ನೀನೂ ಒಂದ್ ಇಟ್ಕೊ' ಎಂದ.

ಮನೆಗೆ ಬರುವಾಗ ಅವನು ಮುಷ್ಟಿ ಬಿಚ್ಚಲಿಲ್ಲ. ಪೇಟೆ ಬೀದಿಯಲ್ಲಿ ಬಾಗಿಲು ಹಾಕಿದ್ದ ತನ್ನ ಅಂಗಡಿಯ ಮುಂದೆ ನಿಂತ. ಅವಳ ಮಾತುಗಳೆಲ್ಲ ಬಂದು ತಲುಪುತ್ತಿದ್ದದ್ದು ಅಲ್ಲಿಗೇ.

'ಅವ್ಳು ಏಳಿದ್ ಒಂದ್ ಮಾತ್ನೂ ನಾನು ತಗ್ದಾಕ್ದೋನಲ್ಲ' ಎಂದ. 'ಅಲ್ವೇನಮ್ಮಿ?'

'ಅಲ್ಲ ಅಣ್ಣಾ.'

'ಇದೊಂದ ಮಾತ್ರ ಕೇಳಾಕಿಲ್ಲ.'